ಪ್ರಶ್ನೋತ್ತರ: ಯಾರೂ ಕೇಳದೆಯೇ ಇಳಿಸಿದ ಸುಂಕಕ್ಕೆ ಮಾತುಕತೆಯಲ್ಲಿ ಬೆಲೆಯಿದೆಯೇ?

ಆಮದು ಸುಂಕ ಮತ್ತು ವಿದೇಶಿ ವ್ಯಾಪಾರ ಒಪ್ಪಂದಗಳ ಬಗ್ಗೆ ಮೈಸೂರು ಹಾಗೂ ಮಂಡ್ಯ ಜಿಲ್ಲೆಗಳ ಓದುಗರು ಬರೆದಿರುವ ಪತ್ರಗಳಲ್ಲಿ ಒಂದೇ ವಿಷಯವನ್ನು ಬೇರೆ ಬೇರೆ ದಿಕ್ಕಿನಿಂದ ಕೇಳಿರುವ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಓದುಗರ ಕೋರಿಕೆಯಂತೆ ಅವರ ಹೆಸರುಗಳನ್ನು ಪ್ರಕಟಿಸಿಲ್ಲ.

ಪ್ರಶ್ನೆ: ಪ್ರತಿ ಬಜೆಟ್‌ನಲ್ಲೂ ಹಣಕಾಸು ಸಚಿವರು ಕೆಲವು ಸರಕುಗಳ ಆಮದು ಸುಂಕವನ್ನು ತಾವಾಗಿಯೇ ಇಳಿಸುತ್ತಾರೆ. ಅದಕ್ಕೆ ಪ್ರತಿಯಾಗಿ ಬೇರೆ ದೇಶದವರು ಏನನ್ನೂ ಕೊಡುವುದಿಲ್ಲ. ಜಾತ್ರೆಯಲ್ಲಿ ಎತ್ತು ಮಾರಲು ಬಂದವನು ಗಿರಾಕಿ ಬಾಯಿ ತೆರೆಯುವ ಮೊದಲೇ ಬೆಲೆ ಇಳಿಸಿದರೆ ಆಮೇಲೆ ಯಾವುದರ ಮೇಲೆ ಚೌಕಾಸಿ ಮಾಡುತ್ತಾನೆ?
— ನಿವೃತ್ತ ಬ್ಯಾಂಕ್ ಉದ್ಯೋಗಿ, ಸರಸ್ವತಿಪುರಂ, ಮೈಸೂರು

ಉತ್ತರ: ಯಾವ ಒಪ್ಪಂದಕ್ಕೂ ಕಾಯದೆ, ಪ್ರತಿಫಲದ ಷರತ್ತನ್ನೂ ಹಾಕದೆ ಒಂದು ದೇಶವು ತನ್ನ ಆಮದು ಸುಂಕವನ್ನು ಇಳಿಸುವುದನ್ನು ಅಥವಾ ಆಮದಿನ ಮೇಲಿನ ನಿರ್ಬಂಧವನ್ನು ತೆಗೆಯುವುದನ್ನು ಏಕಪಕ್ಷೀಯ ವ್ಯಾಪಾರ ಮುಕ್ತತೆ ಎನ್ನುತ್ತಾರೆ. ತಾವು ಕೊಟ್ಟ ಜಾತ್ರೆಯ ಉದಾಹರಣೆ ಮಾತುಕತೆಗೆ ಕೂರುವ ಅಧಿಕಾರಿಯ ಕಷ್ಟವನ್ನು ಸರಿಯಾಗಿ ಹೇಳುತ್ತದೆ. ಆದರೆ ಒಂದು ಮುಖ್ಯ ವ್ಯತ್ಯಾಸವಿದೆ. ಬೆಲೆ ಇಳಿಸಿದ ಎತ್ತಿನ ಒಡೆಯ ತನ್ನ ಕೈಯ ಹಣವನ್ನು ಕಳೆದುಕೊಳ್ಳುತ್ತಾನೆ. ಆಮದು ಸುಂಕದ ಭಾರವಾದರೋ ಬಹುಮಟ್ಟಿಗೆ ಬೀಳುವುದು ನಮ್ಮದೇ ದೇಶದಲ್ಲಿ ಆ ಸರಕನ್ನು ಕೊಳ್ಳುವವರ ಮೇಲೆ. ಯಂತ್ರ ತರಿಸುವ ಸಣ್ಣ ಕೈಗಾರಿಕೆ, ನೂಲು ಕೊಳ್ಳುವ ನೇಕಾರ, ಅಡುಗೆ ಎಣ್ಣೆ ಕೊಳ್ಳುವ ಕುಟುಂಬ ಇವರೆಲ್ಲರೂ ಆ ಸುಂಕವನ್ನು ಬೆಲೆಯ ರೂಪದಲ್ಲಿ ಕಟ್ಟುತ್ತಾರೆ. ಆದುದರಿಂದ ಸುಂಕವನ್ನು ಇಳಿಸಿದಾಗ ಮೊದಲ ಪ್ರಯೋಜನ ಹೊರಗಿನವನಿಗಿಂತ ನಮ್ಮವರಿಗೇ ಸಿಗಬಹುದು, ಪ್ರತಿಯಾಗಿ ಯಾರು ಏನು ಕೊಟ್ಟರು ಎಂಬ ಪ್ರಶ್ನೆ ಅಲ್ಲಿ ಎರಡನೆಯದಾಗುತ್ತದೆ.

1991ರಲ್ಲಿ ನಡೆದದ್ದು ಇದೇ. ವಿದೇಶಿ ವಿನಿಮಯ ಬರಿದಾಗಿ ಚಿನ್ನವನ್ನು ಅಡವಿಡುವ ಸ್ಥಿತಿಗೆ ದೇಶ ಬಂದಿದ್ದಾಗ, ಪಿ.ವಿ. ನರಸಿಂಹರಾವ್ ಅವರ ಸರ್ಕಾರದಲ್ಲಿ ಹಣಕಾಸು ಸಚಿವರಾಗಿದ್ದ ಮನಮೋಹನ್ ಸಿಂಗ್ ಅವರು ಜುಲೈ 24ರಂದು ಮಂಡಿಸಿದ ಬಜೆಟ್‌ನಲ್ಲಿ, ಶೇ 300ನ್ನೂ ಮೀರಿದ್ದ ಗರಿಷ್ಠ ಆಮದು ಸುಂಕವನ್ನು ಶೇ 150ಕ್ಕೆ ಇಳಿಸಿದರು. ಅಲ್ಲಿಂದ ವರ್ಷ ವರ್ಷವೂ ಇಳಿಯುತ್ತಾ ಬಂದು, 2007ರ ಬಜೆಟ್ಟಿನ ಹೊತ್ತಿಗೆ ಕೃಷಿಯೇತರ ಸರಕುಗಳ ಮೇಲಿನ ಗರಿಷ್ಠ ಸಾಮಾನ್ಯ ದರ ಶೇ 10ಕ್ಕೆ ತಲುಪಿತು. ಈ ಹಾದಿಯ ಆರಂಭದಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಸಾಲದ ಒತ್ತಡವಿತ್ತು ಎಂಬುದು ನಿಜ. ಆದರೆ ಸಾಲದ ಅವಧಿ ಮುಗಿದ ಮೇಲೂ ಇಳಿಕೆ ಮುಂದುವರಿದದ್ದನ್ನು ನೋಡಿದರೆ, ಅದು ನಮ್ಮದೇ ಲೆಕ್ಕಾಚಾರದ ಫಲವಾಗಿತ್ತು ಎಂದೇ ಹೇಳಬೇಕಾಗುತ್ತದೆ. ನಮ್ಮ ದೇಶವೊಂದರ ಕಥೆಯೂ ಇದಲ್ಲ. 1983ರಿಂದ 2003ರವರೆಗೆ ಅಭಿವೃದ್ಧಿಶೀಲ ದೇಶಗಳಲ್ಲಿ ಆದ ಸುಂಕ ಇಳಿಕೆಯಲ್ಲಿ ಸುಮಾರು ಮೂರನೇ ಎರಡು ಭಾಗ ಆಯಾ ದೇಶಗಳು ಸ್ವಂತ ತೀರ್ಮಾನದಿಂದ ಮಾಡಿಕೊಂಡದ್ದು ಎಂದು ವಿಶ್ವ ಬ್ಯಾಂಕ್ ಅಂದಾಜು ಮಾಡಿದೆ; ಜಾಗತಿಕ ಮಾತುಕತೆಗಳ ಪಾಲು ಸುಮಾರು ಕಾಲು ಭಾಗ, ಪ್ರಾದೇಶಿಕ ಒಪ್ಪಂದಗಳದ್ದು ಇನ್ನೂ ಕಡಿಮೆ.

ಹಾಗಿದ್ದರೆ ಮಾತುಕತೆಯಾದರೂ ಏಕೆ ಬೇಕು? ನಮಗೆ ಒಳ್ಳೆಯದಾದ ಇಳಿಕೆಗೆ ಎದುರಿನವರಿಂದಲೂ ಏನಾದರೂ ಸಿಕ್ಕರೆ ಅದು ಹೆಚ್ಚುವರಿ ಲಾಭ, ಅದನ್ನು ಬಿಟ್ಟುಕೊಡುವುದು ಜಾಣತನವಲ್ಲ. ಅದಕ್ಕಿಂತ ದೊಡ್ಡ ಕಾರಣ ರಾಜಕೀಯದ್ದು. ಸುಂಕ ಇಳಿದರೆ ಪೆಟ್ಟು ತಿನ್ನುವವರು ಯಾರೆಂದು ತಕ್ಷಣ ಗೊತ್ತಾಗುತ್ತದೆ, ಅವರು ಸಂಘಟಿತರಾಗಿ ವಿರೋಧಿಸುತ್ತಾರೆ; ಲಾಭ ಪಡೆಯುವ ಗ್ರಾಹಕರು ಚದುರಿ ಹೋಗಿರುತ್ತಾರೆ. ಎದುರಿನ ದೇಶವೂ ಸುಂಕ ಇಳಿಸುತ್ತದೆ ಎಂದಾಗ ನಮ್ಮ ರಫ್ತುದಾರರು ಇಳಿಕೆಯ ಪರವಾಗಿ ಮಾತನಾಡಲು ಮುಂದೆ ಬರುತ್ತಾರೆ. 1930ರಲ್ಲಿ ಅತಿ ಎತ್ತರದ ಸುಂಕಗಳನ್ನು ಹೇರಿ ಪೆಟ್ಟು ತಿಂದ ಅಮೆರಿಕ 1934ರ ಕಾಯ್ದೆಯ ಮೂಲಕ ಪರಸ್ಪರ ಒಪ್ಪಂದಗಳ ದಾರಿ ಹಿಡಿದು ಹೊರಬಂದದ್ದರ ಹಿಂದೆ ಈ ತರ್ಕವಿತ್ತು.

ಪ್ರಶ್ನೆ: 2011ರಲ್ಲಿ ಕಚ್ಚಾ ರೇಷ್ಮೆಯ ಸುಂಕ ಇಳಿಸಿದಾಗ ನಮ್ಮ ಗೂಡಿನ ಬೆಲೆ ಬಿದ್ದುಹೋಯಿತು. ವಿಶ್ವ ವ್ಯಾಪಾರ ಸಂಸ್ಥೆಯ ಒತ್ತಡದಿಂದ ಹೀಗಾಯಿತೆಂದು ಆಗ ನಮ್ಮ ಕಡೆ ಸಭೆಗಳಲ್ಲಿ ಹೇಳುತ್ತಿದ್ದರು. ಅದು ನಿಜವೇ ಸರ್?
— ರೇಷ್ಮೆ ಬೆಳೆಗಾರ, ಮಳವಳ್ಳಿ ತಾಲ್ಲೂಕು

ಉತ್ತರ: ನಿಜವಲ್ಲ. 2011-12ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಮೂಲ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಒಂದೇ ಏಟಿಗೆ ಇಳಿಸಿದ್ದು ಪೂರ್ಣವಾಗಿ ನಮ್ಮ ಸರ್ಕಾರದ ಸ್ವಂತ ನಿರ್ಧಾರ. ಯಾವ ಒಪ್ಪಂದವೂ ಹಾಗೆ ಇಳಿಸಬೇಕೆಂದು ಕೇಳಿರಲಿಲ್ಲ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಹೊರಗಿನವರು ಮಾಡಿಸಿದರು ಎಂದು ನಂಬಿದರೆ ಬೆಳೆಗಾರರು ತಪ್ಪಾದ ಬಾಗಿಲನ್ನು ತಟ್ಟುತ್ತಾರೆ. ನಿರ್ಧಾರ ದೆಹಲಿಯಲ್ಲಿ ಆದದ್ದು, ಉತ್ತರ ಕೇಳಬೇಕಾದದ್ದೂ ಅಲ್ಲಿಯೇ.

ನಿರ್ಧಾರದ ಹಿಂದಿನ ವಾದವನ್ನೂ ನ್ಯಾಯವಾಗಿ ಹೇಳಬೇಕು. ದೇಶದಲ್ಲಿ ಮಗ್ಗಗಳಿಗೆ ಬೇಕಾಗುವಷ್ಟು ಕಚ್ಚಾ ರೇಷ್ಮೆ ಇಲ್ಲಿ ಉತ್ಪಾದನೆಯಾಗುತ್ತಿರಲಿಲ್ಲ. ಅದರಲ್ಲೂ ವಿದ್ಯುತ್ ಮಗ್ಗದಲ್ಲಿ ಹಾಸಿನ (ಉದ್ದದ) ಎಳೆಗೆ ಒಂದೇ ಸಮನಾದ, ಬೇಗ ತುಂಡಾಗದ ದ್ವಿತಳಿ (ವರ್ಷಕ್ಕೆ ಎರಡು ಪೀಳಿಗೆ ಬರುವ ಹುಳುವಿನ) ರೇಷ್ಮೆ ಬೇಕಾಗುತ್ತದೆ, ಅದು ಹೆಚ್ಚಾಗಿ ಚೀನಾದಿಂದ ಬರುತ್ತಿತ್ತು. ನಮ್ಮ ಮಿಶ್ರತಳಿಯ ರೇಷ್ಮೆ ಬಹುಪಾಲು ಹೊಕ್ಕಿನ (ಅಡ್ಡ) ಎಳೆಗೆ ಹೋಗುತ್ತಿತ್ತು. ನೇಕಾರರಿಗೆ ಅಗ್ಗವಾಗಿ ನೂಲು ಸಿಗಲಿ ಎಂಬುದು ಸುಂಕ ಇಳಿಕೆಯ ಉದ್ದೇಶ. ಉದ್ದೇಶದಲ್ಲಿ ದೋಷವಿರಲಿಲ್ಲ, ಇಳಿಸಿದ ಕ್ರಮದಲ್ಲಿ ಇತ್ತು. ಹಿಪ್ಪುನೇರಳೆ ತೋಟ ಹಲವು ವರ್ಷಗಳ ಬಂಡವಾಳ. ಹುಳು ಮನೆ ಕಟ್ಟಿ, ಹುಳು ಗೂಡು ಕಟ್ಟುವ ಚಂದ್ರಿಕೆ ಜೋಡಿಸಿ, ಸಾಲ ತೀರಿಸುತ್ತಿರುವ ಕುಟುಂಬವು ಫೆಬ್ರವರಿಯ ಒಂದು ಭಾಷಣದ ಮರುದಿನ ಕಬ್ಬಿಗೋ ಭತ್ತಕ್ಕೋ ಬದಲಾಯಿಸಿಕೊಳ್ಳಲಾಗದು. ಐದಾರು ವರ್ಷಗಳಲ್ಲಿ ಹಂತ ಹಂತವಾಗಿ ಇಳಿಸಿ, ಆ ಅವಧಿಯಲ್ಲಿ ದ್ವಿತಳಿಗೆ ಬದಲಾಗಲು ಹಾಗೂ ಗೂಡಿನಿಂದ ನೂಲು ತೆಗೆಯುವ ರೀಲರುಗಳಿಗೆ ಸ್ವಯಂಚಾಲಿತ ಯಂತ್ರ ಕೊಳ್ಳಲು ನೆರವು ಕೊಟ್ಟಿದ್ದರೆ ಇದೇ ಇಳಿಕೆಯನ್ನು ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯೂ ಮಂಡ್ಯದ ರೈತನೂ ತಾಳಿಕೊಳ್ಳುತ್ತಿದ್ದರು ಎಂಬುದು ನನ್ನ ಖಚಿತ ಅಭಿಪ್ರಾಯ.

ಮುಂದೆ ನಡೆದದ್ದು ಏಕಪಕ್ಷೀಯ ನಿರ್ಧಾರಗಳ ಇನ್ನೊಂದು ಗುಣವನ್ನು ತೋರಿಸುತ್ತದೆ. 2013ರ ಬಜೆಟ್‌ನಲ್ಲಿ ಸುಂಕ ಶೇ 15ಕ್ಕೆ ಏರಿತು, ಕೆಲವು ವರ್ಷಗಳ ನಂತರ ಶೇ 10ಕ್ಕೆ ಇಳಿಯಿತು, 2021ರ ಬಜೆಟ್‌ನಲ್ಲಿ ಮತ್ತೆ ಶೇ 15ಕ್ಕೆ ಏರಿತು. ಸ್ವಂತ ಇಚ್ಛೆಯಿಂದ ಇಳಿಸಿದ್ದನ್ನು ಸ್ವಂತ ಇಚ್ಛೆಯಿಂದ ಏರಿಸಲೂ ಬರುತ್ತದೆ. ಬೆಳೆಗಾರರ ಹೋರಾಟಕ್ಕೆ ಫಲ ಸಿಕ್ಕಿದ್ದೂ ಅದರಿಂದಲೇ. ಇದೇ ಇಳಿಕೆಯನ್ನು ಒಪ್ಪಂದವೊಂದರಲ್ಲಿ ಬರೆದುಕೊಟ್ಟಿದ್ದರೆ ಹಿಂದೆಗೆಯುವುದು ಬಹಳ ಕಷ್ಟವಾಗುತ್ತಿತ್ತು. ಇನ್ನೊಂದು ವಿಷಯವನ್ನು ಬೆಳೆಗಾರರ ಸಂಘಗಳು ಗಮನದಲ್ಲಿಡಬೇಕು. ವಿಶ್ವ ವ್ಯಾಪಾರ ಸಂಸ್ಥೆಯ ಕೃಷಿ ಒಪ್ಪಂದದ ಅನುಬಂಧದಲ್ಲಿ ಗೂಡು, ಕಚ್ಚಾ ರೇಷ್ಮೆ ಹಾಗೂ ರೇಷ್ಮೆ ತ್ಯಾಜ್ಯಗಳನ್ನು ಕೃಷಿ ಉತ್ಪನ್ನಗಳೆಂದೇ ಸೇರಿಸಲಾಗಿದೆ; ಅದರ ಮುಂದಿನ ಹಂತವಾದ ಹುರಿ ಮಾಡಿದ ನೂಲು ಮತ್ತು ಬಟ್ಟೆ ಕೈಗಾರಿಕಾ ಸರಕುಗಳ ಸಾಲಿಗೆ ಹೋಗುತ್ತವೆ. ಕೃಷಿಯನ್ನು ಕಾಪಾಡಿದ್ದೇವೆ ಎಂದು ಸರ್ಕಾರ ಹೇಳಿದಾಗ ನೂಲು ಮತ್ತು ಬಟ್ಟೆಯ ಸಾಲಿನಲ್ಲಿ ಏನಾಗಿದೆ ಎಂದು ಪ್ರತ್ಯೇಕವಾಗಿ ಕೇಳಬೇಕಾಗುತ್ತದೆ, ಏಕೆಂದರೆ ಅಗ್ಗದ ಬಟ್ಟೆ ಬಂದರೂ ಪೆಟ್ಟು ಕೊನೆಗೆ ಗೂಡಿಗೇ ಬೀಳುತ್ತದೆ.

ಪ್ರಶ್ನೆ: ಸುಂಕ ಇಳಿಸಿದ ಮೇಲೂ ಮಾತುಕತೆಯಲ್ಲಿ ಕೊಡಲು ಭಾರತದ ಬಳಿ ಇನ್ನೂ ಏನೋ ಉಳಿದಿರುತ್ತದೆ ಎಂದು ನಮ್ಮ ಉಪನ್ಯಾಸಕರು ಹೇಳಿದರು. ಅದು ಹೇಗೆ ಸಾಧ್ಯ?
— ಪದವಿ ವಿದ್ಯಾರ್ಥಿನಿ, ಮಂಡ್ಯ

ಉತ್ತರ: ತಮ್ಮ ಉಪನ್ಯಾಸಕರು ಹೇಳಿದ್ದು ಈ ಇಡೀ ವಿಷಯದ ತಿರುಳು. ಒಂದು ಸರಕಿಗೆ ಎರಡು ದರಗಳಿರುತ್ತವೆ. ಇಂದು ಬಂದರಿನಲ್ಲಿ ವಸೂಲಾಗುವುದು ಜಾರಿಯಲ್ಲಿರುವ ದರ. ಇದಕ್ಕಿಂತ ಮೇಲೆ ಏರಿಸುವುದಿಲ್ಲ ಎಂದು ವಿಶ್ವ ವ್ಯಾಪಾರ ಸಂಸ್ಥೆಗೆ ಸಲ್ಲಿಸಿದ ಪಟ್ಟಿಯಲ್ಲಿ ಬರೆದುಕೊಟ್ಟಿರುವುದು ಬದ್ಧ ದರ. ಭಾರತದ ಬದ್ಧ ದರಗಳ ಸರಾಸರಿ ಸುಮಾರು ಶೇ 50, ಜಾರಿಯಲ್ಲಿರುವ ದರಗಳ ಸರಾಸರಿ ಇತ್ತೀಚಿನ ವರ್ಷಗಳಲ್ಲಿ ಶೇ 16ರಿಂದ 18ರ ನಡುವೆ. ಕೃಷಿ ಉತ್ಪನ್ನಗಳಲ್ಲಿ ಬದ್ಧ ದರದ ಸರಾಸರಿ ಶೇ 113ರ ಆಸುಪಾಸಿನಲ್ಲಿದ್ದರೆ ಜಾರಿ ದರದ ಸರಾಸರಿ ಶೇ 40ಕ್ಕೂ ಕಡಿಮೆ. ಈ ಅಂತರವೇ ಸಂಧಾನಕಾರನ ಕೈಯಲ್ಲಿ ಉಳಿದಿರುವ ನಾಣ್ಯ. ಹಣಕಾಸು ಸಚಿವರು ಸುಂಕ ಇಳಿಸಿದಾಗ ವ್ಯಾಪಾರಿಗೆ ಈ ವರ್ಷದ ರಿಯಾಯಿತಿ ಸಿಗುತ್ತದೆ. ವಾಣಿಜ್ಯ ಸಚಿವಾಲಯದವರು ಅದೇ ದರವನ್ನು ಒಪ್ಪಂದದಲ್ಲಿ ಬರೆದುಕೊಟ್ಟಾಗ ಮುಂದಿನ ಎಲ್ಲ ವರ್ಷಗಳ ಭರವಸೆ ಸಿಗುತ್ತದೆ. ಕಾರ್ಖಾನೆ ಹಾಕಲು ಯೋಚಿಸುವ ಹೊರದೇಶದ ಉದ್ಯಮಿಗೆ ಎರಡನೆಯದು ಹೆಚ್ಚು ಬೆಲೆಬಾಳುವಂಥದ್ದು. 2014ರ ನಂತರ ಭಾರತವು ಮೊಬೈಲ್ ಫೋನ್ ಮುಂತಾದ ಅನೇಕ ಸರಕುಗಳ ಸುಂಕವನ್ನು ಏರಿಸಿ, ಸರಾಸರಿ ದರವು ಸುಮಾರು ಶೇ 13ರಿಂದ 17ರ ಆಚೆಗೆ ಹೋದುದನ್ನು ನೋಡಿದ ದೇಶಗಳು ಬರಹದ ಭರವಸೆಯನ್ನೇ ಕೇಳುವುದು ಸಹಜ.

ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ 2001ರಲ್ಲಿ ಆರಂಭವಾದ ದೋಹಾ ಸುತ್ತಿನ ಮಾತುಕತೆಗಳಲ್ಲಿ ಈ ಪ್ರಶ್ನೆ ನೇರವಾಗಿ ಎದ್ದಿತು. ಕಡಿತವನ್ನು ಜಾರಿ ದರದಿಂದ ಲೆಕ್ಕ ಹಾಕಿದರೆ, ಮೊದಲೇ ಸ್ವಂತವಾಗಿ ಇಳಿಸಿದವರಿಗೆ ಶಿಕ್ಷೆ ಕೊಟ್ಟಂತೆ, ಏರಿಸಿ ಕುಳಿತವರಿಗೆ ಬಹುಮಾನ ಕೊಟ್ಟಂತೆ ಆಗುತ್ತಿತ್ತು. ಆದುದರಿಂದ 2004ರ ಜುಲೈ ಚೌಕಟ್ಟಿನಲ್ಲಿ ಕೈಗಾರಿಕಾ ಸರಕುಗಳ ಕಡಿತವನ್ನು ಬದ್ಧ ದರದಿಂದಲೇ ಎಣಿಸಬೇಕೆಂದೂ, ಅಭಿವೃದ್ಧಿಶೀಲ ದೇಶಗಳು ಅದರ ಹಿಂದಿನ ಉರುಗ್ವೆ ಸುತ್ತಿನ ನಂತರ ಸ್ವಂತವಾಗಿ ಮಾಡಿದ ಇಳಿಕೆಯನ್ನು ಪಟ್ಟಿಯಲ್ಲಿ ಬದ್ಧಗೊಳಿಸಿದ್ದರೆ ಅದಕ್ಕೆ ಮನ್ನಣೆ ಕೊಡಬೇಕೆಂದೂ ಒಪ್ಪಲಾಯಿತು. ಸೇವಾ ವ್ಯಾಪಾರದಲ್ಲೂ ಸ್ವಯಂ ಮುಕ್ತತೆಗೆ ಮನ್ನಣೆ ನೀಡುವ ವಿಧಾನಗಳನ್ನು 2003ರ ಮಾರ್ಚ್‌ನಲ್ಲಿ ಅಂಗೀಕರಿಸಲಾಗಿತ್ತು. ಕಾಗದದ ಮೇಲೆ ಇವು ನಮಗೆ ಅನುಕೂಲವಾದ ನಿಯಮಗಳು. ಆದರೆ ಶ್ರೀಮಂತ ದೇಶಗಳು ಬಿಡಲಿಲ್ಲ. ಬದ್ಧ ದರವನ್ನು ಅರ್ಧಕ್ಕೆ ಇಳಿಸಿದರೂ ನಿಮ್ಮ ಬಂದರಿನಲ್ಲಿ ಒಂದು ರೂಪಾಯಿ ಕಡಿಮೆಯಾಗುವುದಿಲ್ಲ, ಇದು ನಮಗೆ ಬೇಡ ಎಂದು ವಾದಿಸಿದವು. 2008ರ ಜುಲೈನಲ್ಲಿ ಜಿನೀವಾದ ಸಭೆ ಮುರಿದುಬಿದ್ದದ್ದು ಕೃಷಿ ಆಮದು ಒಮ್ಮೆಲೇ ಏರಿದಾಗ ಸುಂಕ ಹೆಚ್ಚಿಸಲು ಬಿಡುವ ವಿಶೇಷ ರಕ್ಷಣಾ ಕ್ರಮದ ವಿಚಾರದಲ್ಲಾದರೂ, ಈ ಅಸಮಾಧಾನವೂ ಒಳಗೆ ಹೊಗೆಯಾಡುತ್ತಿತ್ತು.

ಬದ್ಧ ದರವನ್ನು ಅಜಾಗ್ರತೆಯಿಂದ ಬರೆದುಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಮಂಡ್ಯದವರು ತಿಳಿದಿರಬೇಕಾದ ಉದಾಹರಣೆ ಭತ್ತದ್ದೇ. 1947ರ ಗ್ಯಾಟ್ ಒಪ್ಪಂದಕ್ಕೆ (ಸುಂಕ ಮತ್ತು ವ್ಯಾಪಾರದ ಸಾಮಾನ್ಯ ಒಪ್ಪಂದ, ವಿಶ್ವ ವ್ಯಾಪಾರ ಸಂಸ್ಥೆಗೆ ಮುಂಚಿನದು) ಸಹಿ ಹಾಕಿದ 23 ದೇಶಗಳಲ್ಲಿ ಭಾರತವೂ ಒಂದು. ಆ ಹಳೆಯ ಮಾತುಕತೆಗಳ ಕಾಲದಲ್ಲಿ ಅಕ್ಕಿ, ಮೆಕ್ಕೆಜೋಳ, ಕೆನೆರಹಿತ ಹಾಲಿನ ಪುಡಿ ಮುಂತಾದವಕ್ಕೆ ನಾವು ಸೊನ್ನೆ ದರದ ಬದ್ಧತೆ ಬರೆದುಕೊಟ್ಟಿದ್ದೆವು. ಆಮದಿಗೆ ಪರವಾನಗಿಯೇ ಸಿಗದಿದ್ದ ಕಾಲದಲ್ಲಿ ಅದರಿಂದ ಯಾವ ತೊಂದರೆಯೂ ಕಾಣಲಿಲ್ಲ. ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಅಮೆರಿಕ ಹೂಡಿದ್ದ ವ್ಯಾಜ್ಯದಲ್ಲಿ ಭಾರತ 1999ರಲ್ಲಿ ಸೋತು, 2001ರ ಏಪ್ರಿಲ್ ವೇಳೆಗೆ 1,429 ಬಗೆಯ ಸರಕುಗಳ ಮೇಲಿನ ಪ್ರಮಾಣ ನಿರ್ಬಂಧಗಳನ್ನು (ಎಷ್ಟು ತರಿಸಬಹುದು ಎಂಬ ಮಿತಿಗಳನ್ನು) ತೆಗೆಯಬೇಕಾಗಿ ಬಂದಾಗ, ಸೊನ್ನೆ ಸುಂಕದ ಬಾಗಿಲು ಹಾರು ಹೊಡೆದಂತೆ ತೆರೆದುಕೊಳ್ಳುವ ಅಪಾಯ ಎದುರಾಯಿತು. ಸರ್ಕಾರವು ಗ್ಯಾಟ್‌ನ 28ನೇ ವಿಧಿಯ ಅಡಿಯಲ್ಲಿ ಮರುಮಾತುಕತೆ ನಡೆಸಿ, ಬೇರೆ ಸರಕುಗಳಲ್ಲಿ ರಿಯಾಯಿತಿಯನ್ನು ಪರಿಹಾರವಾಗಿ ಕೊಟ್ಟು, ಅಕ್ಕಿ ಮತ್ತು ಭತ್ತಕ್ಕೆ ಶೇ 70ರಿಂದ 80ರ ಮಿತಿಯನ್ನು ಪಡೆದುಕೊಂಡಿತು. ಹಾಲಿನ ಪುಡಿಯಲ್ಲಿ ವರ್ಷಕ್ಕೆ 10,000 ಟನ್‌ವರೆಗೆ ಶೇ 15, ಅದಕ್ಕೆ ಮೀರಿದರೆ ಶೇ 60 ಎಂಬ ಏರ್ಪಾಡಾಯಿತು. ದಶಕಗಳ ಹಿಂದೆ ಬರೆದುಕೊಟ್ಟ ಒಂದು ಸೊನ್ನೆಯನ್ನು ಅಳಿಸಲು ಹೀಗೆ ಬೆಲೆ ತೆರಬೇಕಾಯಿತು. ಎಲ್ಲವನ್ನೂ ಸರಿಪಡಿಸಲೂ ಆಗಿಲ್ಲ: ತಾಳೆ ಎಣ್ಣೆಗೆ ನಮ್ಮ ಬದ್ಧ ದರ ಶೇ 300 ಇದ್ದರೆ ಸೋಯಾ ಎಣ್ಣೆಗೆ ಶೇ 45 ಮಾತ್ರ.

ಪ್ರಶ್ನೆ: ನಾವು ಹನ್ನೆರಡು ಮಹಿಳೆಯರು ಸೇರಿ ಅಗರಬತ್ತಿ ಹೊಸೆಯುವ ಘಟಕ ನಡೆಸುತ್ತೇವೆ. ಬಿದಿರು ಕಡ್ಡಿಯ ಮೇಲೆ ಸುಂಕ ಹಾಕಿದ್ದರಿಂದ ನಮಗೆ ರಕ್ಷಣೆ ಸಿಕ್ಕಿತೋ, ಹೊರೆಯಾಯಿತೋ?
— ಸ್ವಸಹಾಯ ಗುಂಪಿನ ಸದಸ್ಯೆ, ಮೈಸೂರು

ಉತ್ತರ: ಎರಡೂ ಆಯಿತು, ಅಮ್ಮ. 2019ರ ಆಗಸ್ಟ್ ಕೊನೆಯಲ್ಲಿ ಸರ್ಕಾರವು ಸಿದ್ಧ ಅಗರಬತ್ತಿಯ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿದ್ದು ಹೊಸೆಯುವವರಿಗೆ ರಕ್ಷಣೆ. 2020ರ ಜೂನ್‌ನಲ್ಲಿ ಬಿದಿರು ಕಡ್ಡಿಯ ಸುಂಕವನ್ನು ಶೇ 10ರಿಂದ 25ಕ್ಕೆ ಏರಿಸಿದ್ದು ಬಿದಿರು ಬೆಳೆಯುವ, ಸೀಳುವ ರಾಜ್ಯಗಳವರಿಗೆ ರಕ್ಷಣೆ. ಕಡ್ಡಿಯನ್ನು ಕೊಳ್ಳುವ ತಮಗೆ ಅದು ಕಚ್ಚಾವಸ್ತುವಿನ ಮೇಲಿನ ತೆರಿಗೆ. ಏಕಪಕ್ಷೀಯ ಮುಕ್ತತೆಯ ಪರವಾದ ವಾದ ಅತ್ಯಂತ ಬಲವಾಗಿ ನಿಲ್ಲುವುದು ಇಂಥ ಕಡೆಯಲ್ಲೇ. ಕಚ್ಚಾವಸ್ತು ಮತ್ತು ಬಿಡಿಭಾಗಗಳ ಮೇಲಿನ ಸುಂಕ ನಮ್ಮದೇ ರಫ್ತಿನ ಬೆಲೆಯನ್ನು ಏರಿಸುತ್ತದೆ, ಆಗ ಹೊರದೇಶದವರು ತಮ್ಮ ಸುಂಕವನ್ನು ಇಳಿಸಿದರೂ ಅಲ್ಲಿನ ಮಾರುಕಟ್ಟೆಯಲ್ಲಿ ನಾವು ಗೆಲ್ಲಲಾರೆವು. ಇಂಥ ಸುಂಕವನ್ನು ಮಾತುಕತೆಯ ನಾಣ್ಯವೆಂದು ವರ್ಷಗಟ್ಟಲೆ ಹಿಡಿದಿಟ್ಟುಕೊಳ್ಳುವುದು ತಮ್ಮ ಘಟಕಕ್ಕೆ ನಷ್ಟ, ದೇಶಕ್ಕೂ ನಷ್ಟ.

ಪ್ರಶ್ನೆ: ನಾವು ಮೊದಲು ಬಾಗಿಲು ತೆರೆದರೆ ಇತರರೂ ತೆರೆಯುತ್ತಾರೆ ಎಂಬುದಕ್ಕೆ ಇತಿಹಾಸದಲ್ಲಿ ಆಧಾರವಿದೆಯೇ?
— ಅರ್ಥಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿ, ಮಾನಸಗಂಗೋತ್ರಿ, ಮೈಸೂರು

ಉತ್ತರ: ಸ್ವಲ್ಪ ಇದೆ, ಆದರೆ ನಂಬಿ ಕೂರುವಷ್ಟಿಲ್ಲ. 1846ರಲ್ಲಿ ಬ್ರಿಟನ್ನಿನ ಪ್ರಧಾನಿ ರಾಬರ್ಟ್ ಪೀಲ್, ಧಾನ್ಯದ ಆಮದಿಗೆ ಸುಂಕ ಹೇರಿದ್ದ ಧಾನ್ಯ ಕಾನೂನುಗಳನ್ನು ರದ್ದುಗೊಳಿಸಿದಾಗ, ಇತರ ದೇಶಗಳು ಅನುಸರಿಸುತ್ತವೆ ಎಂಬ ಭರವಸೆಯನ್ನು ತಾನು ಕೊಡಲಾರೆ, ಆದರೂ ಇದು ನಮಗೇ ಒಳ್ಳೆಯದು ಎಂಬ ನೆಲೆಯಲ್ಲಿ ವಾದಿಸಿದರು. ಹದಿನಾಲ್ಕು ವರ್ಷಗಳ ನಂತರ, 1860ರಲ್ಲಿ, ಬ್ರಿಟನ್ನಿನ ರಿಚರ್ಡ್ ಕಾಬ್ಡೆನ್ ಮತ್ತು ಫ್ರಾನ್ಸಿನ ಮಿಶೆಲ್ ಶೆವಾಲಿಯೇ ಅವರು ರೂಪಿಸಿದ ಒಪ್ಪಂದದಿಂದ ಫ್ರಾನ್ಸ್ ತನ್ನ ಬಾಗಿಲನ್ನು ತೆರೆಯಿತು. ಅದರಲ್ಲಿದ್ದ ಪರಮಾಪ್ತ ರಾಷ್ಟ್ರದ ಷರತ್ತಿನ (ಬೇರೆ ಯಾವ ದೇಶಕ್ಕೆ ಕೊಟ್ಟ ರಿಯಾಯಿತಿಯೂ ಒಪ್ಪಂದದ ಎದುರಿನ ದೇಶಕ್ಕೂ ಸಿಗಬೇಕೆಂಬ ನಿಯಮದ) ಬಲದಿಂದ ಯುರೋಪಿನ ತುಂಬ ಒಪ್ಪಂದಗಳ ಸರಣಿಯೇ ಹಬ್ಬಿತು. ಗಮನಿಸಬೇಕಾದದ್ದೇನೆಂದರೆ ಫ್ರಾನ್ಸ್ ಬಂದದ್ದು ಮಾದರಿಯನ್ನು ಮೆಚ್ಚಿ ಮಾತ್ರವಲ್ಲ, ಮಾತುಕತೆಯ ಮೂಲಕ. 1879ರಲ್ಲಿ ಜರ್ಮನಿ, 1892ರಲ್ಲಿ ಫ್ರಾನ್ಸ್ ಮತ್ತೆ ಸುಂಕದ ಗೋಡೆ ಎತ್ತಿದವು. ಕೊನೆಗೆ 1932ರಲ್ಲಿ ಬ್ರಿಟನ್ ಕೂಡ ಮುಕ್ತ ವ್ಯಾಪಾರವನ್ನು ಕೈಬಿಟ್ಟಿತು.

ಈ ಕಥೆಯನ್ನು ಹೇಳುವ ಪಠ್ಯಗಳು ಬಹುಮಟ್ಟಿಗೆ ಬಿಟ್ಟುಬಿಡುವ ಒಂದು ಅಧ್ಯಾಯವಿದೆ, ಅದನ್ನು ಭಾರತದ ವಿದ್ಯಾರ್ಥಿ ಬಿಡಬಾರದು. 1882ರಲ್ಲಿ ಬ್ರಿಟಿಷ್ ಸರ್ಕಾರವು ಭಾರತದ ಬಹುತೇಕ ಆಮದು ಸುಂಕಗಳನ್ನು ತೆಗೆದುಹಾಕಿತು. ಇಂಗ್ಲೆಂಡಿನ ಲ್ಯಾಂಕಾಷೈರಿನ ಬಟ್ಟೆ ಗಿರಣಿಗಳ ಒತ್ತಾಯ ಅದರ ಹಿಂದಿತ್ತು. ವರಮಾನಕ್ಕಾಗಿ ಮತ್ತೆ ಸುಂಕ ಹಾಕಬೇಕಾಗಿ ಬಂದಾಗ, ಲ್ಯಾಂಕಾಷೈರಿಗೆ ನಷ್ಟವಾಗಬಾರದೆಂದು 1896ರಲ್ಲಿ ಭಾರತೀಯ ಗಿರಣಿ ಬಟ್ಟೆಯ ಮೇಲೂ ಶೇ 3.5ರ ಉತ್ಪಾದನಾ (ಅಬಕಾರಿ) ತೆರಿಗೆಯನ್ನು ಹೇರಲಾಯಿತು. ನಮ್ಮ ದೇಶ ಕಂಡ ಮೊದಲ ದೊಡ್ಡ ಏಕಪಕ್ಷೀಯ ಮುಕ್ತತೆ ನಮ್ಮ ತೀರ್ಮಾನವೇ ಆಗಿರಲಿಲ್ಲ. ಸ್ವಾತಂತ್ರ್ಯಾನಂತರ ದಶಕಗಳ ಕಾಲ ಸುಂಕದ ಗೋಡೆಯನ್ನು ಸ್ವಾಭಿಮಾನದ ಭಾಗವೆಂದು ಕಂಡುದರ ಹಿಂದೆ ಈ ನೆನಪಿದೆ. ಮಂಡ್ಯದ ಸಕ್ಕರೆ ಕಾರ್ಖಾನೆ ಸ್ಥಾಪನೆಯಾದದ್ದು 1933ರಲ್ಲಿ. ಅದರ ಹಿಂದಿನ ವರ್ಷವಷ್ಟೇ ಸಕ್ಕರೆ ಉದ್ಯಮಕ್ಕೆ ಸುಂಕದ ರಕ್ಷಣೆ ನೀಡುವ ಕಾಯ್ದೆ ಬಂದಿತ್ತು. ವಿಶ್ವೇಶ್ವರಯ್ಯ ನಾಲೆಯ ನೀರು ಕಬ್ಬನ್ನು ತಂದಿತು, ಕಾಯ್ದೆಯು ಸಕ್ಕರೆಗೆ ಮಾರುಕಟ್ಟೆಯನ್ನು ಕಾಯ್ದಿಟ್ಟಿತು. ರಕ್ಷಣೆ ಎಲ್ಲ ಕಾಲಕ್ಕೂ ತಪ್ಪು ಎನ್ನುವವರ ಮಾತನ್ನು ನಾನು ಒಪ್ಪದಿರುವುದಕ್ಕೆ ಈ ಜಿಲ್ಲೆಯ ಚರಿತ್ರೆಯೂ ಒಂದು ಕಾರಣ.

ಇತ್ತೀಚಿನ ಉದಾಹರಣೆಗಳಲ್ಲಿ ಚಿಲಿ ದೇಶದ್ದನ್ನು ಅಧ್ಯಯನ ಮಾಡಿ. 1979ರಲ್ಲಿ ಎಲ್ಲ ಸರಕಿಗೂ ಒಂದೇ ಸಮನಾದ ಶೇ 10ರ ಸುಂಕ ತಂದ ಆ ದೇಶ, ಗ್ಯಾಟ್‌ನಲ್ಲಿ ಮಾತ್ರ ಶೇ 35ರ ಬದ್ಧ ದರವನ್ನು ಉಳಿಸಿಕೊಂಡಿತು. 1984ರ ಸಾಲದ ಬಿಕ್ಕಟ್ಟಿನಲ್ಲಿ ಶೇ 35ಕ್ಕೆ ಏರಿಸಿತು, ಸುಧಾರಿಸಿಕೊಂಡ ಮೇಲೆ ಇಳಿಸುತ್ತಾ ಬಂದು 2003ರಲ್ಲಿ ಶೇ 6ಕ್ಕೆ ನಿಂತಿತು. ಅದರ ಜೊತೆಗೇ ಅನೇಕ ದೇಶಗಳೊಂದಿಗೆ ಒಪ್ಪಂದ ಮಾಡಿಕೊಂಡಿತು. ತಾನು ಹೇಗೂ ಇಳಿಸಿದ್ದನ್ನು ಬರಹದಲ್ಲಿ ಕೊಟ್ಟು, ಎದುರಿನವರಿಂದ ಮಾರುಕಟ್ಟೆಯನ್ನು ಪಡೆದುಕೊಂಡಿತು.

ಸ್ವಿಟ್ಜರ್ಲೆಂಡಿನದ್ದು ಇನ್ನೂ ಹತ್ತಿರದ ವಿಷಯ. 2024ರ ಜನವರಿ 1ರಂದು ಆ ದೇಶವು ಎಲ್ಲ ಕೈಗಾರಿಕಾ ಸರಕುಗಳ ಆಮದು ಸುಂಕವನ್ನು ಎಲ್ಲ ದೇಶಗಳಿಗೂ ತೆಗೆದುಹಾಕಿತು. ಅದೇ ವರ್ಷ ಮಾರ್ಚ್ 10ರಂದು ಸ್ವಿಟ್ಜರ್ಲೆಂಡ್ ಸೇರಿದಂತೆ ಯುರೋಪಿನ ಮುಕ್ತ ವ್ಯಾಪಾರ ಸಂಘವಾದ ಇಎಫ್‌ಟಿಎ ಗುಂಪಿನ ನಾಲ್ಕು ದೇಶಗಳೊಂದಿಗೆ ಭಾರತ ಒಪ್ಪಂದಕ್ಕೆ ಸಹಿ ಹಾಕಿತು. ಚೀನಾಕ್ಕೂ ನಮಗೂ ಅಲ್ಲಿ ಒಂದೇ ಸೊನ್ನೆ ಸುಂಕವಾದಾಗ ಕೈಗಾರಿಕಾ ಸರಕಿನಲ್ಲಿ ನಮಗೆ ವಿಶೇಷ ಲಾಭವೇನೂ ಉಳಿಯಲಿಲ್ಲ. ಸ್ವಿಸ್ ಕಡೆಯವರ ಕೈಯಲ್ಲೂ ಆ ನಾಣ್ಯ ಉಳಿದಿರಲಿಲ್ಲ. ಆ ಒಪ್ಪಂದದಲ್ಲಿ ಭಾರತಕ್ಕೆ ಎದ್ದು ಕಾಣುವ ಪ್ರತಿಫಲವೆಂದರೆ 15 ವರ್ಷಗಳಲ್ಲಿ 100 ಶತಕೋಟಿ ಡಾಲರ್ ಹೂಡಿಕೆಯನ್ನು ಉತ್ತೇಜಿಸುವ ಭರವಸೆ. ಮುಂಚೆಯೇ ಸುಂಕ ಬಿಟ್ಟುಕೊಟ್ಟ ದೇಶವು ಬರಿಗೈಯಲ್ಲಿ ಕೂರುವುದಿಲ್ಲ. ಮಾತುಕತೆ ಹೂಡಿಕೆ, ಸೇವೆ, ನಿಯಮಗಳ ಕಡೆಗೆ ಸರಿಯುತ್ತದೆ.

ಸಿದ್ಧಾಂತದ ಕಡೆಯಿಂದ ಒಂದು ಮಾತು. ಆಡಂ ಸ್ಮಿತ್ ಕೂಡ ಎದುರಿನವರ ಸುಂಕವನ್ನು ತೆಗೆಸುವ ಸಂಭವವಿದ್ದರೆ ಪ್ರತಿಸುಂಕವನ್ನು ಒಪ್ಪಿದ್ದರು. ನಮ್ಮ ಕಾಲದಲ್ಲಿ ಅರ್ಥಶಾಸ್ತ್ರಜ್ಞ ಜಗದೀಶ್ ಭಗವತಿ ಅವರು ಸಾಧ್ಯವಾದರೆ ಜೊತೆಯಾಗಿ, ಆಗದಿದ್ದರೆ ಒಬ್ಬರೇ ತೆರೆಯುವುದು ಲಾಭಕರವೆಂದು ವಾದಿಸಿದವರು. ಈ ವಾದ ಸಣ್ಣ ಕೊಳ್ಳುಗನಿಗೆ ಚೆನ್ನಾಗಿ ಒಪ್ಪುತ್ತದೆ. ಆದರೆ ಖಾದ್ಯ ತೈಲದಲ್ಲಿ ಭಾರತ ಪ್ರಪಂಚದ ಅತಿ ದೊಡ್ಡ ಆಮದುದಾರ ದೇಶ. ನಾವು ತಾಳೆ ಎಣ್ಣೆಯ ಸುಂಕ ಇಳಿಸಿದರೆ ಬೇಡಿಕೆ ಹೆಚ್ಚಿ ಹೊರಗಿನ ಬೆಲೆಯೂ ಏರಬಹುದು, ಇಳಿಕೆಯ ಒಂದು ಪಾಲು ಅಲ್ಲಿನ ಮಾರಾಟಗಾರನ ಕೈ ಸೇರಬಹುದು. ದೊಡ್ಡ ಕೊಳ್ಳುಗನಾಗಿರುವ ಸರಕಿನಲ್ಲಿ ಚೌಕಾಸಿ ಮಾಡದೆ ಇಳಿಸುವುದು ನಿಜವಾಗಿಯೂ ದುಬಾರಿ.

ಪ್ರಶ್ನೆ: 2025ರಲ್ಲಿ ಅಮೆರಿಕದ ಬೈಕ್ ಮತ್ತು ಮದ್ಯಕ್ಕೆ ಸುಂಕ ಇಳಿಸಿದೆವು, ಆದರೂ ಅವರು ನಮ್ಮ ಮೇಲೆ ಶೇ 50 ಹಾಕಿದರು. ಇಳಿಸಿ ಪ್ರಯೋಜನವೇನಾಯಿತು?
— ಸಿದ್ಧ ಉಡುಪು ಕಾರ್ಖಾನೆಯ ಮೇಲ್ವಿಚಾರಕ, ಶ್ರೀರಂಗಪಟ್ಟಣ

ಉತ್ತರ: ಆ ಇಳಿಕೆಗಳಿಂದ ಮಾತುಕತೆಯಲ್ಲಿ ಕಣ್ಣಿಗೆ ಕಾಣುವ ಪ್ರಯೋಜನವಾಗಲಿಲ್ಲ. ಫೆಬ್ರವರಿ 1ರ ಬಜೆಟ್‌ನಲ್ಲಿ 1,600 ಸಿಸಿಗೆ ಮೀರಿದ ಮೋಟಾರ್ ಸೈಕಲ್‌ಗಳ ಸುಂಕ ಶೇ 50ರಿಂದ 30ಕ್ಕೆ ಇಳಿಯಿತು. ಅದೇ ತಿಂಗಳು ಬರ್ಬನ್ ವಿಸ್ಕಿಯ ಸುಂಕ ಶೇ 150ರಿಂದ 100ಕ್ಕೆ ಇಳಿಯಿತು. ಆಗಸ್ಟ್ 7ರಿಂದ ಶೇ 25, ಆಗಸ್ಟ್ 27ರಿಂದ ರಷ್ಯಾದ ತೈಲ ಖರೀದಿಯ ಕಾರಣ ಹೇಳಿ ಇನ್ನೂ ಶೇ 25 ಹೆಚ್ಚುವರಿ ಸುಂಕ ಅಮೆರಿಕದಿಂದ ಬಂತು.

ಇವು ನಾನು ಮೇಲೆ ಹೇಳಿದ ಅರ್ಥದ ಏಕಪಕ್ಷೀಯ ಮುಕ್ತತೆಗಳಲ್ಲ. ಬರ್ಬನ್ ಅಮೆರಿಕದ್ದೇ ಪಾನೀಯ. ಅದೊಂದಕ್ಕೆ ಇಳಿಸಿ ಸ್ಕಾಟ್ಲೆಂಡಿನ ಸ್ಕಾಚ್‌ಗೆ ಇಳಿಸದಿದ್ದಾಗ, ಹೆಸರಿಗೆ ಎಲ್ಲ ದೇಶಗಳಿಗೆ ಅನ್ವಯಿಸುವ ದರ ನಿಜವಾಗಿ ಒಂದೇ ದೇಶಕ್ಕೆ ಮುಂಗಡವಾಗುತ್ತದೆ. ನಮ್ಮ ಕೈಗಾರಿಕೆಗೆ ಅದರಿಂದ ಕಚ್ಚಾವಸ್ತುವೂ ಅಗ್ಗವಾಗಲಿಲ್ಲ, ಬರಹದಲ್ಲಿ ಪ್ರತಿಫಲವೂ ಸಿಗಲಿಲ್ಲ. ಹೋಲಿಕೆಗೆ ಬ್ರಿಟನ್ ಜೊತೆಗಿನ ಒಪ್ಪಂದವನ್ನು ನೋಡಿ: 2025ರ ಜುಲೈ 24ರಂದು ಸಹಿಯಾದ ಅದರಲ್ಲಿ ವಿಸ್ಕಿಯ ಸುಂಕವನ್ನು ಶೇ 150ರಿಂದ 75ಕ್ಕೆ, ಹತ್ತನೇ ವರ್ಷಕ್ಕೆ 40ಕ್ಕೆ ಇಳಿಸಲು ಒಪ್ಪಿ, ನಮ್ಮ ರಫ್ತಿನ ಸುಮಾರು ಶೇ 99ರಷ್ಟು ಸುಂಕದ ಸಾಲುಗಳಿಗೆ (ಸುಂಕ ಪಟ್ಟಿಯಲ್ಲಿನ ಸರಕಿನ ಬಗೆಗಳಿಗೆ) ಸೊನ್ನೆ ಸುಂಕ ಪಡೆಯಲಾಗಿದೆ, ಸಿದ್ಧ ಉಡುಪೂ ಅದರಲ್ಲಿ ಸೇರಿದೆ. 2025ರ ಆಗಸ್ಟ್ 19ರಿಂದ ಡಿಸೆಂಬರ್ 31ರವರೆಗೆ ಹತ್ತಿಯ ಆಮದು ಸುಂಕವನ್ನು ತೆಗೆದದ್ದು ಬೇರೆ ಬಗೆಯದು. ಅದರಿಂದ ತಮ್ಮ ಕಾರ್ಖಾನೆಯಂಥವುಗಳಿಗೆ ನೂಲು ಅಗ್ಗವಾಗುವ ದಾರಿಯಾಯಿತು, ಹತ್ತಿ ಬೆಳೆಗಾರನಿಗೆ ಚಿಂತೆಯಾಯಿತು. ಆ ಚಿಂತೆಗೆ ಸರ್ಕಾರ ಬೆಂಬಲ ಬೆಲೆಯ ಖರೀದಿಯಿಂದ ಉತ್ತರಿಸಬೇಕಾಗುತ್ತದೆ.

ಪ್ರಶ್ನೆ: ಒಪ್ಪಂದಗಳಲ್ಲಿ ಹಾಲನ್ನು ಸೇರಿಸುವುದಿಲ್ಲ ಎಂದು ಸರ್ಕಾರ ಹೇಳುತ್ತಿದೆ. ಹಾಗಾದರೆ ನಮ್ಮ ಸಂಘದ ಸದಸ್ಯರು ನಿಶ್ಚಿಂತೆಯಿಂದ ಇರಬಹುದೇ?
— ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿ, ಪಾಂಡವಪುರ ತಾಲ್ಲೂಕು

ಉತ್ತರ: ಒಪ್ಪಂದದ ಬಾಗಿಲಿನಿಂದ ಸದ್ಯಕ್ಕೆ ಭಯ ಕಡಿಮೆ. 2019ರ ನವೆಂಬರ್ 4ರಂದು ಏಷ್ಯಾ-ಪೆಸಿಫಿಕ್ ದೇಶಗಳ ಆರ್‌ಸಿಇಪಿ ಒಪ್ಪಂದದ ಮಾತುಕತೆಯಿಂದ ಭಾರತ ಹೊರಬಂದದ್ದಕ್ಕೆ ನ್ಯೂಜಿಲೆಂಡಿನ ಹಾಲಿನ ಉತ್ಪನ್ನಗಳ ಬಗೆಗಿನ ಆತಂಕವೂ ಒಂದು ಕಾರಣವಾಗಿತ್ತು. ಬ್ರಿಟನ್ ಒಪ್ಪಂದದಲ್ಲೂ ಹಾಲನ್ನು ಹೊರಗಿಡಲಾಗಿದೆ.

ಆದರೆ ಇನ್ನೊಂದು ಬಾಗಿಲಿದೆ. 1962ರ ಕಸ್ಟಮ್ಸ್ ಕಾಯ್ದೆಯ 25ನೇ ಕಲಮಿನ ಅಡಿಯಲ್ಲಿ ಕೇಂದ್ರ ಸರ್ಕಾರವು ಸಾರ್ವಜನಿಕ ಹಿತಾಸಕ್ತಿಯ ಕಾರಣದಿಂದ ಯಾವ ಸರಕಿನ ಸುಂಕವನ್ನಾದರೂ ಒಂದು ಅಧಿಸೂಚನೆಯಿಂದ ಇಳಿಸಬಹುದು. ಸಂಸತ್ತಿನ ಮುಂದೆ ಅದನ್ನು ಇಡಬೇಕಾದರೂ ಜಾರಿಯಾಗುವುದಕ್ಕೆ ಮುಂಚಿತವಾದ ಚರ್ಚೆ ಕಡ್ಡಾಯವಲ್ಲ. ಖಾದ್ಯ ತೈಲದಲ್ಲಿ ಇದು ಹೇಗೆ ನಡೆಯುತ್ತದೆ ಎಂಬುದನ್ನು ನೋಡಿದ್ದೇವೆ: ಕಚ್ಚಾ ತಾಳೆ, ಸೋಯಾ ಮತ್ತು ಸೂರ್ಯಕಾಂತಿ ಎಣ್ಣೆಗಳ ಮೂಲ ಸುಂಕವು 2024ರ ಸೆಪ್ಟೆಂಬರ್‌ನಲ್ಲಿ ಸೊನ್ನೆಯಿಂದ ಶೇ 20ಕ್ಕೆ ಏರಿ, 2025ರ ಮೇ ಕೊನೆಯಲ್ಲಿ ಶೇ 10ಕ್ಕೆ ಇಳಿಯಿತು. ಬೆಲೆ ಏರಿದಾಗ ಗ್ರಾಹಕನಿಗಾಗಿ ಇಳಿಸುವುದು, ಕುಸಿದಾಗ ರೈತನಿಗಾಗಿ ಏರಿಸುವುದು ಸರ್ಕಾರದ ಹಕ್ಕು ಮತ್ತು ಕೆಲವೊಮ್ಮೆ ಕರ್ತವ್ಯ ಕೂಡ. ಹಾಲಿನ ಪುಡಿಯ 10,000 ಟನ್ನಿನ ಕಡಿಮೆ ಸುಂಕದ ಪಾಲನ್ನು ಯಾವ ತಿಂಗಳಲ್ಲಿ ತರಿಸಿಕೊಳ್ಳಬೇಕು ಎಂಬುದೂ ಇಂಥದೇ ಆಡಳಿತಾತ್ಮಕ ತೀರ್ಮಾನ. ಹಸಿರು ಮೇವು ಹೇರಳವಾಗಿ ಹಾಲು ಹೆಚ್ಚು ಬರುವ ತಿಂಗಳುಗಳಲ್ಲಿ ಒಕ್ಕೂಟಗಳೇ ಹಾಲನ್ನು ಪುಡಿ ಮಾಡಿ ದಾಸ್ತಾನು ಇಡಬೇಕಾಗುತ್ತದೆ. ಅದೇ ಹೊತ್ತಿಗೆ ಹೊರಗಿನ ಪುಡಿ ಬಂದರೆ ಆ ದಾಸ್ತಾನಿನ ಬೆಲೆ ಬೀಳುತ್ತದೆ, ಮುಂದಿನ ಪಾವತಿಯಲ್ಲಿ ಲೀಟರಿನ ದರ ಕಡಿಮೆಯಾಗುತ್ತದೆ.

ಆದುದರಿಂದ ತಮ್ಮ ಸಂಘವು ಲೋಕಸಭಾ ಸದಸ್ಯರಿಗೆ ಮನವಿ ಕೊಡುವುದಾದರೆ, ಒಪ್ಪಂದದಲ್ಲಿ ಹಾಲು ಬೇಡ ಎಂಬ ಒಂದು ಸಾಲಿಗೆ ನಿಲ್ಲಿಸಬೇಡಿ. ಹಾಲಿನ ಪುಡಿ ಮತ್ತು ಬೆಣ್ಣೆಯೆಣ್ಣೆಯ ಸುಂಕ ಬದಲಾಯಿಸುವ ಅಧಿಸೂಚನೆಗೆ ಮುನ್ನ ಹಾಲು ಒಕ್ಕೂಟಗಳ ದಾಸ್ತಾನಿನ ವಿವರವನ್ನು ಪಡೆಯಬೇಕು, ಹಾಲು ಹೆಚ್ಚು ಬರುವ ತಿಂಗಳುಗಳಲ್ಲಿ ರಿಯಾಯಿತಿ ಆಮದಿಗೆ ಅವಕಾಶ ಕೊಡಬಾರದು, ಇಳಿಕೆ ಅನಿವಾರ್ಯವಾದರೆ ಅದಕ್ಕೆ ಮುಕ್ತಾಯದ ದಿನಾಂಕವನ್ನು ಅಧಿಸೂಚನೆಯಲ್ಲೇ ನಮೂದಿಸಬೇಕು ಎಂದು ಬರೆಯಿರಿ. ಈ ಮೂರೂ ಬೇಡಿಕೆಗಳನ್ನು ಈಡೇರಿಸಲು ಯಾವ ಹೊರದೇಶದ ಒಪ್ಪಿಗೆಯೂ ಬೇಕಿಲ್ಲ.